ಒಂಬತ್ತನೆಯ ಗಂಟೆ ಯಾರದು?

ಕಳೆದ ಮೇ ತಿಂಗಳಲ್ಲಿ ಕಟಪಾಡಿಯ ಒಂದು ಸಭಾಭವನದಲ್ಲಿ ನನ್ನ ತಂಗಿಯ ಮಗಳ ಮದುವೆ ನಡೆಯಿತು. ಮದುಮಗಳ ಅಣ್ಣ, ಅಂದರೆ ನನ್ನ ಸೋದರಳಿಯ, ಧಾರೆಯ ಹೊತ್ತಿಗೆ ಓಡಿಬಂದ. ಅಂಗಿ ಬದಲಿಸಿ ಮಂಟಪಕ್ಕೆ ಹತ್ತಿದ. ಎಲೆ ಹಾಕುವ ಹೊತ್ತಿಗೆ ಕಾಣೆಯಾದ. ಹೊರಗೆ ತೆಂಗಿನ ನೆರಳಿನಲ್ಲಿ ಅವನ ಸರಕಿನ ವ್ಯಾನು ನಿಂತಿತ್ತು. ಅದರೊಳಗೆ ಆ ದಿನ ಮನೆಮನೆಗೆ ಮುಟ್ಟಿಸಬೇಕಾದ ಪೊಟ್ಟಣಗಳು ತುಂಬಿದ್ದವು. ಯಾವುದೋ ಬೇಸಿಗೆಯ ರಿಯಾಯಿತಿ ಮಾರಾಟವಂತೆ, ಆ ವಾರ ರಜೆ ಕೇಳಬಾರದೆಂದು ಮೊದಲೇ ಅಪ್ಪಣೆಯಾಗಿತ್ತಂತೆ. ತಂಗಿಯ ಮದುವೆಯ ಊಟವನ್ನು ಅವನು ಉಂಡದ್ದು ರಾತ್ರಿ ಹನ್ನೊಂದಕ್ಕೆ, ಅವನ ತಾಯಿ ಪಾತ್ರೆಯಲ್ಲಿ ತೆಗೆದಿಟ್ಟದ್ದನ್ನು.

ಪಂಕ್ತಿಯಲ್ಲಿ ನನ್ನ ಬಲಗಡೆಗೆ ಮಣಿಪಾಲದ ಕಡೆಯ ಒಬ್ಬ ಮಹನೀಯರು ಕುಳಿತಿದ್ದರು. ಸ್ವಂತ ವ್ಯವಹಾರ ನಡೆಸಿ ಮೇಲೆ ಬಂದವರು. ಹುಡುಗ ಊಟಕ್ಕಿಲ್ಲದ ಸಂಗತಿ ಮಾತಿಗೆ ಬಂದಾಗ ಅವರು, "ಗಂಟೆ ನೋಡಿ ದುಡಿಯಲಿಕ್ಕೆ ಹೊರಟರೆ ಮೇಲೆ ಬರುವುದು ಹೇಗೆ ಮಾರಾಯ್ರೆ? ನಾವೆಲ್ಲ ಗಂಟೆ ನೋಡಿಯಾ ದುಡಿದದ್ದು? ಅವರೇನು ಈಗ ಕೂಲಿಯವರಲ್ಲ, ಪಾರ್ಟ್‌ನರುಗಳು" ಎಂದರು. ನನ್ನ ಎಲೆಯಲ್ಲಿ ಪಾಯಸವಿತ್ತು. ಎಲೆಯ ಮುಂದೆ ಕುಳಿತು ಜಗಳಾಡುವುದು ನಮ್ಮಲ್ಲಿ ಕ್ರಮವಲ್ಲ. ಅಲ್ಲಿ ಪಾಯಸದೊಂದಿಗೆ ನುಂಗಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ವಿಷಯದಲ್ಲಿ ಬಾಯಿ ಹಾಕಲು ನನಗಿರುವ ಅಧಿಕಾರ ಇಷ್ಟೆ: ಮೂವತ್ತೊಂದು ವರ್ಷ ನಾನು ಉಡುಪಿಯ ಒಂದು ಖಾಸಗಿ ಬಸ್ಸಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಡ್ರೈವರು ಕಂಡಕ್ಟರುಗಳ ಹಾಜರಿ ಪುಸ್ತಕ ನನ್ನ ಕೈಯಲ್ಲಿತ್ತು. ಬೆಳಿಗ್ಗೆ ಆರಕ್ಕೆ ಸ್ಟೇರಿಂಗು ಹಿಡಿದವನು ರಾತ್ರಿ ಒಂಬತ್ತಕ್ಕೆ ಬಿಟ್ಟರೂ ಪುಸ್ತಕದಲ್ಲಿ ಅವನು ಮಧ್ಯಾಹ್ನ ಎರಡಕ್ಕೇ ಮನೆಗೆ ಹೋಗಿರುತ್ತಿದ್ದ. ಹಾಗೆ ಬರೆಯುತ್ತಿದ್ದವನು ನಾನು. ಲೇಬರ್ ಇನ್‌ಸ್ಪೆಕ್ಟರು ಬಂದಾಗ ಪುಸ್ತಕ ತೋರಿಸುತ್ತಿದ್ದೆ. ಅವರು ರುಜು ಹಾಕಿ ಚಹಾ ಕುಡಿದು ಹೋಗುತ್ತಿದ್ದರು. ಎಂಬತ್ತರ ದಶಕದಲ್ಲಿ ಒಮ್ಮೆ ನಮ್ಮ ಒಬ್ಬ ಡ್ರೈವರ್ ರಾತ್ರಿ ಕೊನೆಯ ಟ್ರಿಪ್ಪಿನಲ್ಲಿ ಕಣ್ಣು ಮುಚ್ಚಿಹೋಗಿ ಬಸ್ಸನ್ನು ಚರಂಡಿಗಿಳಿಸಿದ. ಇಬ್ಬರು ಪ್ರಯಾಣಿಕರ ಕೈ ಮುರಿಯಿತು. ವಿಚಾರಣೆಯಲ್ಲಿ ಅವನು, "ಹದಿನಾಲ್ಕು ಗಂಟೆಯಿಂದ ಓಡಿಸುತ್ತಿದ್ದೆ ಸ್ವಾಮಿ" ಎಂದ. ಆಗ ನನ್ನ ಪುಸ್ತಕವನ್ನು ತರಿಸಿದರು. ಪುಸ್ತಕ ಬೇರೆಯೇ ಹೇಳಿತು. ಆ ಹೊತ್ತಿಗೆ ಬಸ್ಸಿನಲ್ಲಿದ್ದವನು ಬದಲಿ ಡ್ಯೂಟಿಯನ್ನು ತಾನೇ ಕೇಳಿ ಪಡೆದವನೆಂದು ಧಣಿಗಳು ಹೇಳಿದರು. ಅವನ ಲೈಸೆನ್ಸು ಹೋಯಿತು. ನನ್ನ ಕೆಲಸ ಉಳಿಯಿತು. ಆದ್ದರಿಂದ ಗಂಟೆಯ ಲೆಕ್ಕ ಯಾಕೆ ಎಂದು ಯಾರಾದರೂ ಕೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಆ ಪುಸ್ತಕದ ಹಿಂದೆ ಒಂದು ಕಾಯಿದೆಯಿತ್ತು: 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ. ಐದು ಅಥವಾ ಅದಕ್ಕೂ ಹೆಚ್ಚು ಜನ ಕೆಲಸಗಾರರಿರುವ ಯಾವುದೇ ಸಾರಿಗೆ ಸಂಸ್ಥೆಗೆ, ಅದು ಜನರನ್ನು ಸಾಗಿಸಲಿ ಸರಕನ್ನು ಸಾಗಿಸಲಿ, ಅದು ಅನ್ವಯಿಸುತ್ತಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ಮಾರ್ಗವಾದರೆ, ಇಲ್ಲವೆ ಹಬ್ಬ ಜಾತ್ರೆಗಳ ಸಂದರ್ಭವಾದರೆ, ಅಧಿಕಾರಿಯ ಒಪ್ಪಿಗೆ ಪಡೆದು ಹೆಚ್ಚು ದುಡಿಸಬಹುದು. ಆಗಲೂ ದಿನಕ್ಕೆ 10, ವಾರಕ್ಕೆ 54 ದಾಟುವಂತಿಲ್ಲ. ಮೀರಿದ ಹೊತ್ತಿಗೆ ಎರಡು ಪಟ್ಟು ಮಜೂರಿ. ಹಬ್ಬದ ನೂಕುನುಗ್ಗಲು ಎಂಬ ನೆಪವನ್ನು ಕಾಯಿದೆ ಬರೆದವರು ಆಗಲೇ ಊಹಿಸಿ ಅದಕ್ಕೂ ಒಂದು ಬೇಲಿ ಹಾಕಿದ್ದರೆಂಬುದನ್ನು ಓದುಗರು ಗಮನಿಸಬೇಕು. ಈಗಿನ ರಿಯಾಯಿತಿ ಮಾರಾಟದ ಹಬ್ಬಗಳಿಗೆ ಪಂಚಾಂಗವೂ ಇಲ್ಲ, ಬೇಲಿಯೂ ಇಲ್ಲ.

ಆ ಕಾಯಿದೆಯಲ್ಲಿ ನನಗೆ ಬಹಳ ಹಿಡಿಸಿದ್ದು ಗಂಟೆಯೆಂದರೇನು ಎಂಬುದಕ್ಕೆ ಅದು ಕೊಟ್ಟ ವಿವರಣೆ. ಕೆಲಸಗಾರನು ಧಣಿಯ ಅಪ್ಪಣೆಗೆ ಕಾದಿರುವ ಹೊತ್ತೆಲ್ಲ ಕೆಲಸದ ಹೊತ್ತು. ಗಾಡಿ ಓಡುವ ಹೊತ್ತು ಮಾತ್ರವಲ್ಲ. ಸರಕು ಹೇರುವುದು, ಇಳಿಸುವುದು, ಲೆಕ್ಕ ಒಪ್ಪಿಸುವುದು, ಹಣ ಕಟ್ಟುವುದು, ರಿಜಿಸ್ಟರಿಗೆ ರುಜು ಹಾಕುವುದು, ಗಾಡಿಯನ್ನು ಶೆಡ್ಡಿಗೆ ಸೇರಿಸುವುದು, ಎಲ್ಲವೂ ಲೆಕ್ಕಕ್ಕೆ. ತುದಿಯ ನಿಲ್ದಾಣದಲ್ಲಿ ಹದಿನೈದು ನಿಮಿಷಕ್ಕಿಂತ ಕಡಿಮೆ ಸುಮ್ಮನೆ ಕುಳಿತಿದ್ದರೂ ಅದು ಕೆಲಸವೇ. ಬಸ್ಸಿನ ಡ್ರೈವರನ ಮೈನೋವನ್ನು ಬಲ್ಲವರಾರೋ ಇದನ್ನು ಬರೆದಿರಬೇಕು.

ಈಗ ನನ್ನ ಅಳಿಯನ ದಿನವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಮಣಿಪಾಲದ ಹೊರವಲಯದಲ್ಲಿ ಒಂದು ತಗಡಿನ ಶೆಡ್ಡು. ಹುಡುಗರು ಅದನ್ನು 'ಹಬ್' ಎನ್ನುತ್ತಾರೆ. ಬೆಂಗಳೂರಿನಿಂದ, ಮಂಗಳೂರಿನಿಂದ ರಾತ್ರಿ ಬಂದ ಲಾರಿಗಳ ಸರಕು ಅಲ್ಲಿ ರಾಶಿ ಬಿದ್ದಿರುತ್ತದೆ. ಬೆಳಿಗ್ಗೆ ಐದೂವರೆಗೆ ಅವನು ಅಲ್ಲಿರಬೇಕು. ರಾಶಿಯಿಂದ ತನ್ನ ಮಾರ್ಗದ್ದನ್ನು ಹೆಕ್ಕಬೇಕು, ಒಂದೊಂದನ್ನೂ ಸ್ಕ್ಯಾನ್ ಮಾಡಬೇಕು, ಕೊನೆಗೆ ಕೊಡುವುದು ಒಳಗೆ, ಮೊದಲು ಕೊಡುವುದು ಬಾಗಿಲ ಬಳಿ ಎಂಬ ಕ್ರಮದಲ್ಲಿ ವ್ಯಾನಿಗೆ ಹೇರಬೇಕು. ಇದಕ್ಕೆ ಮೂರು ಗಂಟೆ. ಎಂಟೂವರೆಗೆ ಗೇಟು ದಾಟಿದಾಗ ಅವನ ಮೊಬೈಲಿನಲ್ಲಿ 'ಡ್ಯೂಟಿ' ಪ್ರಾರಂಭವಾಗುತ್ತದೆ. ಮೊದಲಿನ ಮೂರು ಗಂಟೆ ಹೋದದ್ದೆಲ್ಲಿಗೆ ಎಂದು ನಾನು ಕೇಳಿದೆ. "ಅದು ಡ್ಯೂಟಿಯಲ್ಲ ಮಾವ, ಅದು ರೆಡಿಯಾಗುವುದು" ಎಂದ. ಮದುವೆಗೆ ರೆಡಿಯಾದ ಹಾಗೆ!

ಅಲ್ಲಿಂದ ಉದ್ಯಾವರ, ಕಟಪಾಡಿ, ಕಾಪು; ಮತ್ತೆ ಒಳದಾರಿ ಹಿಡಿದು ಶಂಕರಪುರ, ಶಿರ್ವ, ಬೆಳ್ಮಣ್; ನಿಟ್ಟೆಯ ಮೇಲೆ ಕಾರ್ಕಳ; ಬೈಲೂರು, ಹಿರಿಯಡ್ಕ, ಪರ್ಕಳದ ದಾರಿಯಾಗಿ ಮತ್ತೆ ಮಣಿಪಾಲ. ಕೆಲವು ದಿನ ಇದರಲ್ಲಿ ಅರ್ಧ, ಮಾರಾಟದ ದಿನಗಳಲ್ಲಿ ಪೂರ್ತಿ. ಈ ಸುತ್ತನ್ನು ಕಾರಿನಲ್ಲಿ ಸುಮ್ಮನೆ ಸುತ್ತಿ ಬಂದರೂ ಅರ್ಧ ದಿನ ಬೇಕು. ಇವನು ಎಂಬತ್ತು ತೊಂಬತ್ತು ಕಡೆ ನಿಲ್ಲಬೇಕು.

ನಮ್ಮ ಊರಿನ ಮನೆಗಳನ್ನು ಬಲ್ಲವರಿಗೆ ಇದರ ಕಷ್ಟ ಅರ್ಥವಾದೀತು. ಘಟ್ಟದ ಮೇಲಿನಂತೆ ಇಲ್ಲಿ ಬೀದಿಯ ಎರಡು ಬದಿಗೆ ಸಾಲುಮನೆಗಳಿಲ್ಲ. ಒಂದು ಮನೆ ಗುಡ್ಡದ ತಲೆಯಲ್ಲಿ, ಮತ್ತೊಂದು ಬೈಲಿನ ಆಚೆ ಅಡಿಕೆ ತೋಟದ ಒಳಗೆ. ವಿಳಾಸವೆಂದರೆ ಮನೆಯ ಹೆಸರು, ಮತ್ತೆ 'ದೈವಸ್ಥಾನದ ಹಿಂದೆ'. ಒಂದೇ ಗ್ರಾಮದಲ್ಲಿ ಅದೇ ಹೆಸರಿನ ಮನೆ ಮೂರಿರುತ್ತವೆ. ಮೊಬೈಲಿನ ನಕ್ಷೆ ಬೈಲಿಗೆ ಅಡ್ಡವಾಗಿ ಒಂದು ಗೆರೆ ಎಳೆದು ಇನ್ನೂರು ಮೀಟರು ಎನ್ನುತ್ತದೆ. ನಡುವೆ ತೋಡು ಇದೆ, ತೋಡಿಗೆ ಅಡಿಕೆ ಮರದ ಕಾಲುಸಂಕ ಇದೆ, ಆಟಿಯ ಮಳೆಗೆ ಅದು ನೀರಿನಡಿ ಹೋಗಿದೆ ಎಂಬುದು ಬೆಂಗಳೂರಿನ ಗಣಕಕ್ಕೆ ಗೊತ್ತಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆ ಇದು. ವ್ಯಾನನ್ನು ಡಾಂಬರಿನ ತುದಿಯಲ್ಲಿ ನಿಲ್ಲಿಸಿ, ಪೊಟ್ಟಣವನ್ನು ಅಂಗಿಯೊಳಗೆ ಇಟ್ಟುಕೊಂಡು, ಕಟ್ಟಪುಣಿಯ ಮೇಲೆ ನಡೆದು, ನಾಯಿಯನ್ನು ಸಮಾಧಾನಪಡಿಸಿ, ಒಟಿಪಿ ಕೇಳಿದರೆ ಅಮ್ಮನವರು, "ಅದು ಮಗನ ಮೊಬೈಲಿಗೆ ಬರುವುದು, ಅವನು ದುಬೈಯಲ್ಲಿ" ಎನ್ನುತ್ತಾರೆ. ಇದಕ್ಕೆ ಹೋಗುವ ಇಪ್ಪತ್ತೈದು ನಿಮಿಷಕ್ಕೆ ಯಾವ ಕಾಲಂ?

ಇದೇ ಹೊತ್ತಿಗೆ ಮಣಿಪಾಲದ ಹಾಸ್ಟೆಲುಗಳ ಬಾಗಿಲಲ್ಲಿ ನಿಂತ ಹುಡುಗ ಒಂದು ಗಂಟೆಯಲ್ಲಿ ನಲವತ್ತು ಪೊಟ್ಟಣ ಮುಗಿಸಿರುತ್ತಾನೆ. ಅದು ಅವನ ತಪ್ಪಲ್ಲ, ಅದೃಷ್ಟ. ಆದರೆ ದಿನಕ್ಕೆ ಇಷ್ಟು ಪೊಟ್ಟಣ ಎಂಬ ಗುರಿಯನ್ನು ಕಟ್ಟುವವರು ಇಬ್ಬರಿಗೂ ಒಂದೇ ಹಗ್ಗದಿಂದ ಅಳೆಯುತ್ತಾರೆ. ಮಣಿಪಾಲದಲ್ಲಿ ಎಂಟು ಗಂಟೆಗೆ ಮುಗಿಯುವ ಗುರಿ ಶಿರ್ವದ ಒಳಗೆ ಹದಿಮೂರು ಗಂಟೆ. ಮಿಕ್ಕ ಐದು ಗಂಟೆಯನ್ನು ಅವರು ಓವರ್‌ಟೈಮ್ ಎಂದು ಕರೆಯುವುದಿಲ್ಲ. ಚಾಲಕನ ನಿಧಾನ ಎಂದು ಕರೆಯುತ್ತಾರೆ.

ರಾತ್ರಿ ಎಂಟೂವರೆ ಒಂಬತ್ತಕ್ಕೆ ಶೆಡ್ಡಿಗೆ ಮರಳಿದ ಮೇಲೂ ಬಿಡುಗಡೆಯಿಲ್ಲ. ವಸೂಲಾದ ನಗದನ್ನು ಎಣಿಸಿ ಕಟ್ಟಬೇಕು. ಕೊಡಲಾಗದೆ ಉಳಿದ ಪೊಟ್ಟಣಗಳನ್ನು ಮತ್ತೆ ಸ್ಕ್ಯಾನ್ ಮಾಡಿ ಒಪ್ಪಿಸಬೇಕು. ಒಂದು ಕಡಿಮೆಯಾದರೆ ಅದರ ಬೆಲೆ ಸಂಬಳದಿಂದ. ಮನೆಗೆ ಬರುವಾಗ ಹತ್ತೂವರೆ. ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು. ಅವನಿಗೆ ಐದು ವರ್ಷದ ಮಗಳಿದ್ದಾಳೆ. ವಾರದ ಆರು ದಿನ ಅವನು ಅವಳನ್ನು ಕಾಣುವುದು ಅವಳು ನಿದ್ರೆಯಲ್ಲಿರುವಾಗ.

ಅವನು ಯಾರ ಕೆಲಸಗಾರ? ಪೊಟ್ಟಣದ ಮೇಲೆ ದೊಡ್ಡ ಕಂಪೆನಿಯ ಹೆಸರು. ಅಂಗಿಯ ಮೇಲೆ ಅದೇ ಹೆಸರು. ಸಂಬಳ ಕೊಡುವವನು ಮಾತ್ರ 'ವೆಂಡರ್' ಎಂಬ ನಡುವಿನ ಗುತ್ತಿಗೆದಾರ. ಈ ವರ್ಷ ಇವನು, ಮುಂದಿನ ವರ್ಷ ಮತ್ತೊಬ್ಬ. ಬೈಕಿನಲ್ಲಿ ಹಂಚುವ ಹುಡುಗರಿಗೆ ಅದೂ ಇಲ್ಲ. ಅವರಿಗೆ ಪೊಟ್ಟಣಕ್ಕಿಷ್ಟು ಎಂಬ ದರ. ಬೈಕು ಅವರದು, ಪೆಟ್ರೋಲು ಅವರದು, ಬಿದ್ದರೆ ಕಾಲೂ ಅವರದೇ. ಅವರನ್ನು ಕರೆಯುವ ಹೆಸರೇ ನಮ್ಮ ಮಹನೀಯರು ಹೇಳಿದ ಪಾರ್ಟ್‌ನರ್. ಪಾಲುದಾರನೆಂದರೆ ಲಾಭದಲ್ಲಿ ಪಾಲಿರಬೇಕು, ಇಲ್ಲವೆ ಲೆಕ್ಕ ಪುಸ್ತಕ ನೋಡುವ ಹಕ್ಕಾದರೂ ಇರಬೇಕು. ದರ ಇಳಿಸಿದ ಸುದ್ದಿ ರಾತ್ರಿ ಮೊಬೈಲಿಗೆ ಬಂದು, ಬೆಳಿಗ್ಗೆ ಅದಕ್ಕೇ ದುಡಿಯಬೇಕಾದವನು ಎಂಥ ಪಾಲುದಾರ?

ಈ ಒಗಟನ್ನು ಯಾರೋ ಹೊಸದಾಗಿ ಕಂಡುಹಿಡಿದಂತೆ ದೊಡ್ಡವರು ಮಾತಾಡುತ್ತಾರೆ. ಬೇರೆಲ್ಲಿಯವರು ಹಾಗೆಂದರೂ ಕ್ಷಮಿಸಬಹುದು. ಉಡುಪಿ ಕಾರ್ಕಳದವರು ಹಾಗೆನ್ನಬಾರದು. ನಮ್ಮ ತಾಯಂದಿರು ಬೀಡಿ ಕಟ್ಟಿದವರು. ನನ್ನ ತಾಯಿ ಜಗಲಿಯ ಮೇಲೆ ಮಡಿಲಲ್ಲಿ ಮೊರವಿಟ್ಟುಕೊಂಡು ಕಟ್ಟುತ್ತಿದ್ದಳು. ಜಗಲಿ ಅವಳದು, ಕತ್ತರಿ ಅವಳದು, ಬೇಕಾದ ಹೊತ್ತಿಗೆ ಕುಳಿತುಕೊಳ್ಳಬಹುದು, ಬೇಡವಾದರೆ ಏಳಬಹುದು, ಮೇಲೆ ನಿಂತು ನೋಡುವ ಮೇಸ್ತ್ರಿಯಿಲ್ಲ. ಎಲೆ, ಹೊಗೆಸೊಪ್ಪು, ನೂಲು ಬ್ರಾಂಚಿನವನು ಕೊಡುವನು. ಸಾವಿರಕ್ಕೆ ಇಷ್ಟೆಂದು ದರ. ಆಗಲೂ ಧಣಿಗಳು ಇದನ್ನೇ ಹೇಳಿದರು: ಇವರು ನಮ್ಮ ಕೆಲಸಗಾರರಲ್ಲ, ಗುತ್ತಿಗೆದಾರನ ಹತ್ತಿರ ಎಲೆ ಪಡೆದು ತಮ್ಮ ಮನೆಯಲ್ಲಿ ತಾವು ಕಟ್ಟುವ ಸ್ವತಂತ್ರರು.

1966ರಲ್ಲಿ ಪಾರ್ಲಿಮೆಂಟು ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆಯನ್ನು ಮಾಡಿತು. ಧಣಿಯಿಂದಾಗಲಿ ಗುತ್ತಿಗೆದಾರನಿಂದಾಗಲಿ ಎಲೆ ಹೊಗೆಸೊಪ್ಪು ಪಡೆದು ಮನೆಯಲ್ಲಿ ಕುಳಿತು ಕಟ್ಟುವವಳೂ ಕೆಲಸಗಾರಳೇ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಯಿತು. ಬೀಡಿ ಧಣಿಗಳು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1974ರಲ್ಲಿ ಬಂದ ಆ ತೀರ್ಪಿಗೆ ನಮ್ಮ ಮಂಗಳೂರಿನದೇ ಹೆಸರು: ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತು ಭಾರತ ಸರಕಾರ. ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ನಡುವೆ ಎಷ್ಟು ಗುತ್ತಿಗೆದಾರರನ್ನು ನಿಲ್ಲಿಸಿದರೂ ಮೂಲ ಧಣಿಯ ಹೊಣೆ ಕರಗುವುದಿಲ್ಲವೆಂಬ ಮಾತು ಈ ಕರಾವಳಿಯ ಜಗಲಿಯ ಮೇಲೆ ಕುಳಿತ ಹೆಂಗಸರ ಹೆಸರಿನಲ್ಲಿ ಇತ್ಯರ್ಥವಾಗಿ ಐವತ್ತು ವರ್ಷ ಮೀರಿತು.

ಆ ಕಾಯಿದೆ ಇನ್ನೊಂದು ಸಣ್ಣ ಸಂಗತಿಯನ್ನೂ ಮರೆತಿರಲಿಲ್ಲ. ಬ್ರಾಂಚಿನವನು ಬೀಡಿಯನ್ನು 'ಸರಿಯಿಲ್ಲ' ಎಂದು ಬದಿಗೆ ತಳ್ಳಿದರೆ ಆ ಬೀಡಿಯ ಮಜೂರಿ ಯಾರ ಪಾಲು? ಈ ತಕರಾರನ್ನು ತೀರಿಸಲು ಸರಕಾರದ ಅಧಿಕಾರಿಯೊಬ್ಬನ ಮುಂದೆ ಹೋಗಬಹುದೆಂದು ಒಂದು ಕಲಮೇ ಇತ್ತು. ಈಗ ನನ್ನ ಅಳಿಯ ಮೂರು ಸಲ ಮನೆಗೆ ಹೋಗಿ, ಬೀಗ ಕಂಡು ಮರಳಿ ತಂದ ಪೊಟ್ಟಣದ ತಕರಾರನ್ನು ಕೇಳಲು ಯಾವ ಅಧಿಕಾರಿ ಇದ್ದಾನೆ? ಮೊಬೈಲಿನಲ್ಲಿ 'ಸಹಾಯ' ಎಂಬ ಗುಂಡಿಯಿದೆಯಂತೆ. ಒತ್ತಿದರೆ, ನಿಮ್ಮ ದೂರು ನಮಗೆ ಮುಖ್ಯ ಎಂದು ಬರುತ್ತದಂತೆ.

ಸರಕಾರಗಳು ಏನೂ ಮಾಡಿಲ್ಲವೆಂದು ನಾನು ಹೇಳಲಾರೆ. ಮಾಡಿದ್ದನ್ನು ಮಾತ್ರ ಸ್ವಲ್ಪ ನೋಡೋಣ. 2020ರ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಮೇಲೆ ಹೇಳಿದ ಎರಡೂ ಕಾಯಿದೆಗಳು, ಬಸ್ಸಿನದೂ ಬೀಡಿಯದೂ, ಅವುಗಳಲ್ಲಿ ಒಂದರೊಳಗೆ ಕರಗಿಹೋದವು. ಹೊಸ ಸಂಹಿತೆಯಲ್ಲೂ ದಿನಕ್ಕೆ ಎಂಟು ಗಂಟೆಯೇ. ಹೆಚ್ಚಿನ ಹೊತ್ತಿಗೆ ಎರಡು ಪಟ್ಟು ಮಜೂರಿಯೇ. ಕೆಲಸಗಾರನ ಒಪ್ಪಿಗೆಯಿಲ್ಲದೆ ಓವರ್‌ಟೈಮ್ ದುಡಿಸಬಾರದೆಂಬ ಮಾತೂ ಇದೆ. ಓದಲು ಚೆನ್ನಾಗಿದೆ. ಆದರೆ ಹಳೆಯ ಕಾಯಿದೆ ಐದು ಜನರಿದ್ದಲ್ಲಿ ಬಾಗಿಲು ತಟ್ಟುತ್ತಿತ್ತು. ಹೊಸತು ಸಾರಿಗೆ ಸಂಸ್ಥೆಯ ಬಾಗಿಲು ತಟ್ಟಬೇಕಾದರೆ ಹತ್ತು ಜನ ಬೇಕು. ಗುತ್ತಿಗೆ ಕಾರ್ಮಿಕರ ನಿಯಮಗಳಿಗೆ ಮೊದಲು ಇಪ್ಪತ್ತು ಜನ ಸಾಕಿತ್ತು, ಈಗ ಐವತ್ತು. ಒಂಬತ್ತು ಡ್ರೈವರುಗಳ ಒಬ್ಬ ವೆಂಡರನನ್ನು ಶಿರ್ವಕ್ಕೆ, ಮತ್ತೊಂಬತ್ತರ ಒಬ್ಬನನ್ನು ಕಾರ್ಕಳಕ್ಕೆ ನೇಮಿಸಿದರೆ ಆ ಸಂಹಿತೆಯ ಗಂಟೆಯ ಲೆಕ್ಕ ಇಬ್ಬರನ್ನೂ ಮುಟ್ಟುವುದಿಲ್ಲ. ಲೆಕ್ಕ ಬಲ್ಲ ಗುಮಾಸ್ತರು ಈಗಲೂ ಬೇಕಾದಷ್ಟು ಜನ ಇದ್ದಾರೆ. ನಾನೇ ಇರಲಿಲ್ಲವೆ?

ಕರ್ನಾಟಕ ಸರಕಾರ ಬೈಕಿನ ಹುಡುಗರಂಥವರಿಗಾಗಿ ಗಿಗ್ ಕಾರ್ಮಿಕರ ಕಾಯಿದೆಯನ್ನು 2025ರಲ್ಲಿ ತಂದಿತು. ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು ಆಗಸ್ಟಿನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆಯಿತು. ಅವರಿಗೊಂದು ಕಲ್ಯಾಣ ಮಂಡಳಿ. ಅದಕ್ಕೆ ಕಂಪೆನಿಗಳು ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರವರೆಗೆ ಶುಲ್ಕ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುನ್ನ 14 ದಿನದ ನೋಟೀಸು ಕೊಡಬೇಕು. ಇದು ಒಳ್ಳೆಯ ಕೆಲಸ, ದೇಶದಲ್ಲಿ ಇಂಥದನ್ನು ಮಾಡಿದ ರಾಜ್ಯಗಳು ಬೆರಳೆಣಿಕೆಯಷ್ಟು. ಆದರೆ ದಿನಕ್ಕೆ ಇಂತಿಷ್ಟೇ ಗಂಟೆ ಎಂಬ ಮಾತು ಅದರಲ್ಲಿಲ್ಲ. ಸತ್ತರೆ ಬಿದ್ದರೆ ಕೊಡುವುದಕ್ಕೆ ನಿಧಿಯಿದೆ. ಸಾಯುವಷ್ಟು ದುಡಿಯದಂತೆ ಹಿಡಿಯುವ ಕೈಯಿಲ್ಲ. ಅದೇ ಸರಕಾರ 2023ರಲ್ಲಿ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿಕೊಡುವ ತಿದ್ದುಪಡಿ ತಂದಿತ್ತು. ಮೂರು ತಿಂಗಳಿಗೆ 75 ಇದ್ದ ಓವರ್‌ಟೈಮ್ ಗಂಟೆಗಳ ಮಿತಿ 145ಕ್ಕೆ ಏರಿತು. ಆಗ ಬೇರೆ ಪಕ್ಷ, ಈಗ ಬೇರೆ ಪಕ್ಷ ಎಂದು ನೀವು ತಿದ್ದಬಹುದು. ಹೌದು, ಆದರೆ ಅಂಗಡಿ ಕಚೇರಿಗಳ ದಿನವನ್ನೂ ಒಂಬತ್ತು ಗಂಟೆಯಿಂದ ಹತ್ತಕ್ಕೆ ಏರಿಸುವ ಪ್ರಸ್ತಾಪವನ್ನು 2025ರ ಜೂನಿನಲ್ಲಿ ಮುಂದಿಟ್ಟದ್ದು ಈಗಿನವರೇ. ಗಡಿಯಾರದ ಮುಳ್ಳನ್ನು ತಳ್ಳುವುದರಲ್ಲಿ ಪಕ್ಷಭೇದವಿಲ್ಲ.

ಹೊರದೇಶದ ಮಾತು ಬಂದರೆ ನಮ್ಮ ಮಹನೀಯರಿಗೆ ಪ್ರೀತಿ. ಅವರ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಯುಪಿಎಸ್ ಎಂಬ ಪೊಟ್ಟಣ ಸಾಗಿಸುವ ದೊಡ್ಡ ಕಂಪೆನಿಯಿದೆ. 1997ರ ಆಗಸ್ಟಿನಲ್ಲಿ ಅದರ 1,85,000 ಕೆಲಸಗಾರರು ಟೀಮ್‌ಸ್ಟರ್ಸ್ ಸಂಘದ ನೇತೃತ್ವದಲ್ಲಿ 15 ದಿನ ಮುಷ್ಕರ ಹೂಡಿದ್ದರು. ಆ ಸಂಘ ಮಾಡಿಕೊಂಡ ಒಪ್ಪಂದದಲ್ಲಿ 'ಒಂಬತ್ತೂವರೆ' ಎಂದೇ ಹೆಸರಾದ ಒಂದು ಕಲಮಿದೆ. ಅಧಿಕ ದುಡಿತ ಬೇಡವೆಂದು ಪಟ್ಟಿಯಲ್ಲಿ ಹೆಸರು ಬರೆಸಿದ ಚಾಲಕನನ್ನು ವಾರದಲ್ಲಿ ಮೂರು ದಿನ ಒಂಬತ್ತೂವರೆ ಗಂಟೆ ಮೀರಿ ದುಡಿಸಿದರೆ ಅವನು ದೂರು ಕೊಡಬಹುದು. ಗೆದ್ದರೆ ಮೀರಿದ ಹೊತ್ತಿಗೆ ಮೂರು ಪಟ್ಟು ಮಜೂರಿ. ಅಲ್ಲಿಯ ಮೇಲಾಳುಗಳು ಇದನ್ನು ಮುರಿಯುವುದಿಲ್ಲವೆಂದಲ್ಲ. ಮುರಿಯುತ್ತಾರೆ, ಅದಕ್ಕಾಗಿಯೇ ದೂರುಗಳು ಬೀಳುತ್ತವೆ. ಆದರೆ ಒಂಬತ್ತೂವರೆ ಗಂಟೆ ಅತಿಯಾಯಿತೆಂದು ಕಾಗದದ ಮೇಲೆ ಬರೆದು, ಒಬ್ಬನ ಕೈಗೆ ಕೊಟ್ಟು, ರಶೀದಿ ಪಡೆಯುವ ಏರ್ಪಾಡು ಅಲ್ಲಿದೆ. ಇಂಗ್ಲೆಂಡಿನಲ್ಲಿ ಉಬರ್ ಚಾಲಕರ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2021ರ ಫೆಬ್ರವರಿಯಲ್ಲಿ, ಚಾಲಕನು ಆ್ಯಪನ್ನು ತೆರೆದು ಬಾಡಿಗೆಗೆ ಸಿದ್ಧನಾಗಿ ಕಾಯುವ ಹೊತ್ತೂ ಕೆಲಸದ ಹೊತ್ತೇ ಎಂದಿತು. ನಮ್ಮ 1961ರ ಕಾಯಿದೆ ತುದಿನಿಲ್ದಾಣದ ಹದಿನೈದು ನಿಮಿಷದ ಬಗ್ಗೆ ಹೇಳಿದ್ದೂ ಅದೇ ಜಾತಿಯ ಮಾತು. ನಾವು ಅರುವತ್ತು ವರ್ಷ ಮುಂಚೆಯೇ ಹೇಳಿ, ಪುಸ್ತಕದಲ್ಲಿ ಸುಳ್ಳು ಬರೆದುಕೊಂಡು ಕುಳಿತೆವು.

ಇಲ್ಲಿಯ ಸಂಘಗಳಿಗೂ ಎರಡು ಮಾತು ಹೇಳಬೇಕು. ಅವರು ಮುನಿಸಿಕೊಂಡರೂ ಚಿಂತೆಯಿಲ್ಲ. ಬೀಡಿಯ ಹೆಂಗಸರನ್ನು ಊರೂರು ಸುತ್ತಿ, ಜಗಲಿ ಜಗಲಿಗೆ ಹೋಗಿ ಕೂಡಿಸಿದವರು ಇವರೇ, ಇವರ ಹಿರಿಯರೇ. ಆ ಶ್ರಮವನ್ನು ನಾನು ಕಣ್ಣಾರೆ ಕಂಡವನು. ಈಗ ಪೊಟ್ಟಣದ ಹುಡುಗರ ಮಾತೆತ್ತಿದರೆ, "ಅವರನ್ನು ಹಿಡಿಯುವುದು ಎಲ್ಲಿ ಸ್ವಾಮಿ? ಕಾರ್ಖಾನೆಯಿಲ್ಲ, ಗೇಟಿಲ್ಲ, ಗೇಟು ಮೀಟಿಂಗಿಲ್ಲ" ಎನ್ನುತ್ತಾರೆ. ಗೇಟಿದೆ. ಬೆಳಿಗ್ಗೆ ಆರಕ್ಕೆ ಆ ತಗಡಿನ ಶೆಡ್ಡಿಗೆ ಹೋಗಿ ನೋಡಿ. ಮೂವತ್ತು ನಲವತ್ತು ಜನ ಒಂದೇ ಕಡೆ ಬಗ್ಗಿ ಪೊಟ್ಟಣ ಹೆಕ್ಕುತ್ತಿರುತ್ತಾರೆ. ದಿನದಲ್ಲಿ ಅವರೆಲ್ಲ ಒಟ್ಟಿಗಿರುವ ಮೂರು ಗಂಟೆ ಅದು, ಕಂಪೆನಿ ಲೆಕ್ಕಕ್ಕೆ ಹಿಡಿಯದ ಅದೇ ಮೂರು ಗಂಟೆ. ಸಂಘದ ಕಾರ್ಯದರ್ಶಿಗಳು ಆರಕ್ಕೆ ಏಳುತ್ತಾರೆಯೇ ಎಂಬುದಷ್ಟೇ ಪ್ರಶ್ನೆ. ಈ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, 1918ರ ಏಪ್ರಿಲಿನಲ್ಲಿ, ಮದ್ರಾಸಿನ ಗಿರಣಿಗಳ ಜನ ಕೂಡಿ ಮದ್ರಾಸ್ ಲೇಬರ್ ಯೂನಿಯನ್ನನ್ನು ಕಟ್ಟಿದಾಗ ಅವರ ಮೊದಲ ದೂರುಗಳಲ್ಲೊಂದು ಮಧ್ಯಾಹ್ನದ ಊಟದ ಬಿಡುವು ಸಾಲದೆಂಬುದು. ದೊಡ್ಡ ಸಿದ್ಧಾಂತವಲ್ಲ, ಊಟದ ಕೆಲವು ನಿಮಿಷಗಳು. ನಮ್ಮ ಹುಡುಗರ ದೂರೂ ಅಷ್ಟೇ ಸಣ್ಣದು. ಆ ಶೆಡ್ಡಿನಲ್ಲಿ ಒಬ್ಬ ವಾಟ್ಸಾಪಿನ ಗುಂಪಿನಲ್ಲಿ, "ಊಟಕ್ಕೆ ಅರ್ಧ ಗಂಟೆ ಬೇಕು" ಎಂದು ಬರೆದನಂತೆ. ಮರುದಿನ ಅವನ ಐಡಿ ತೆರೆಯಲಿಲ್ಲ. ಯಾರೂ ತೆಗೆದದ್ದಲ್ಲ, ಯಂತ್ರದ ದೋಷ ಎಂದರು. ಹನ್ನೆರಡು ದಿನ ಯಂತ್ರ ಸರಿಯಾಗಲಿಲ್ಲ.

ನನ್ನ ಮುಖ್ಯ ಮಾತು ಈ ಯಂತ್ರದ್ದೇ. ನನ್ನ ಕಾಲದಲ್ಲಿ ಗಂಟೆಯ ಲೆಕ್ಕ ಸುಳ್ಳಾದದ್ದು ಅದು ಒಬ್ಬ ಗುಮಾಸ್ತನ ಪೆನ್ನಿನಲ್ಲಿ ಇದ್ದುದರಿಂದ. ಈಗ ಪೆನ್ನು ಬೇಡ. ಅಳಿಯ ಬೆಳಿಗ್ಗೆ ಮೊದಲ ಪೊಟ್ಟಣ ಸ್ಕ್ಯಾನ್ ಮಾಡಿದ ಕ್ಷಣ, ಪ್ರತಿ ಮನೆಯ ಮುಂದೆ ನಿಂತ ಕ್ಷಣ, ರಾತ್ರಿ ಕೊನೆಯದನ್ನು ಒಪ್ಪಿಸಿದ ಕ್ಷಣ, ಎಲ್ಲವೂ ಸೆಕೆಂಡಿನ ಸಮೇತ ಎಲ್ಲೋ ಬರೆದಿಟ್ಟಿದೆ. ನೀನು ಕಾಪುವಿನಲ್ಲಿ ಹನ್ನೊಂದು ನಿಮಿಷ ಸುಮ್ಮನೆ ನಿಂತಿದ್ದೆ ಎಂದು ಅವನನ್ನು ಗದರಿಸಲು ಆ ಲೆಕ್ಕ ಹೊರಗೆ ಬರುತ್ತದೆ. ನೀನು ಹದಿನೈದು ಗಂಟೆ ದುಡಿದೆ ಎಂದು ಸಾಕ್ಷಿ ಹೇಳಲು ಬರುವುದಿಲ್ಲ. ಸತ್ಯವಾದ ಹಾಜರಿ ಪುಸ್ತಕ ಚರಿತ್ರೆಯಲ್ಲಿ ಮೊದಲ ಸಲ ತಯಾರಾಗಿದೆ. ಅದಕ್ಕೆ ಬೀಗ ಹಾಕಿ ಕೀಲಿಕೈಯನ್ನು ಒಂದೇ ಪಕ್ಷದವರು ಇಟ್ಟುಕೊಂಡಿದ್ದಾರೆ. ಅದನ್ನು ತೆರೆಯಬೇಕು. ಮೊದಲ ಸ್ಕ್ಯಾನಿನಿಂದ ಕೊನೆಯ ಸ್ಕ್ಯಾನಿನವರೆಗಿನ ಹೊತ್ತೇ ಕೆಲಸದ ಹೊತ್ತೆಂದು ನಿಯಮದಲ್ಲಿ ಬರೆಯಬೇಕು. ಅದರ ಪ್ರತಿ ಪ್ರತಿ ರಾತ್ರಿ ಚಾಲಕನಿಗೂ ಸಿಗಬೇಕು, ಕಾರ್ಮಿಕ ಇಲಾಖೆಗೂ ಹೋಗಬೇಕು. ಐದು ಜನವೋ ಹತ್ತು ಜನವೋ ಎಂಬ ಎಣಿಕೆ ವೆಂಡರನಲ್ಲಿ ಅಲ್ಲ, ಪೊಟ್ಟಣದ ಮೇಲೆ ಹೆಸರಿರುವವನಲ್ಲಿ ನಡೆಯಬೇಕು. ಮಿಕ್ಕದ್ದೆಲ್ಲ, ಮಜೂರಿ, ರಜೆ, ಎರಡು ಪಟ್ಟು, ಇದರ ಬೆನ್ನಿಗೆ ಬರುತ್ತವೆ. ಗಂಟೆಯೇ ಇಲ್ಲದವನು ಓವರ್‌ಟೈಮ್ ಕೇಳುವುದು ಹೇಗೆ?

ಹುಡುಗರೇ ಹೆಚ್ಚು ದುಡಿಯಲು ಬಯಸುತ್ತಾರಲ್ಲ ಎಂಬ ಮಾತೂ ಇದೆ. ಪೊಟ್ಟಣಕ್ಕಿಷ್ಟು ಎಂದು ಪಡೆಯುವವನು ರಾತ್ರಿ ಹತ್ತರವರೆಗೆ ಓಡುವುದು ಓಟದ ಮೇಲಿನ ಪ್ರೀತಿಯಿಂದಲ್ಲ. ಎಂಟು ಗಂಟೆಯ ದುಡಿತಕ್ಕೆ ಮನೆಯ ಅಕ್ಕಿ, ಬೈಕಿನ ಕಂತು ತೀರುವಂತೆ ಮಾಡಿ ನೋಡಿ, ಒಂಬತ್ತನೆಯ ಗಂಟೆಗೆ ಎಷ್ಟು ಜನ ಉಳಿಯುತ್ತಾರೆಂದು.

ನಾನೂ ಪರಿಶುದ್ಧನಲ್ಲ. ಕಳೆದ ಆಟಿಯಲ್ಲಿ ನಮ್ಮ ಕುಕ್ಕರಿನ ರಬ್ಬರು ಹೋಯಿತು. ಕಾಪು ಪೇಟೆಯ ಪಾತ್ರೆ ಅಂಗಡಿಯಲ್ಲಿ ಅದು ಸಿಗುತ್ತಿತ್ತು. ಮಳೆಯಲ್ಲಿ ಯಾರು ಹೋಗುವುದೆಂದು ಮೊಮ್ಮಗನ ಮೊಬೈಲಿನಲ್ಲಿ ತರಿಸಿದೆ. 'ನಾಳೆಯೇ ಬೇಕು' ಎಂಬುದನ್ನು ಒತ್ತಿದ್ದೂ ನಾನೇ. ಮರುದಿನ ರಾತ್ರಿ ಒಂಬತ್ತೂಮುಕ್ಕಾಲಿಗೆ, ಮಳೆ ಬಡಿಯುವಾಗ, ಒಬ್ಬ ಹುಡುಗ ತೋಡು ದಾಟಿ ಬಂದು ಅಂಗೈಯಗಲದ ಪೊಟ್ಟಣವನ್ನು ಕೊಟ್ಟ. ಅವನ ಕೈಬೆರಳುಗಳು ನೀರಿನಲ್ಲಿ ನೆನೆದು ಬಿಳಿಚಿದ್ದವು. ಒಳಗೆ ಬಾ ಮಗಾ, ಕಾಫಿ ಕುಡಿ ಎಂದರೆ, "ಬೇಡ ಅಜ್ಜ, ಇನ್ನು ಹದಿನಾಲ್ಕು ಉಂಟು" ಎಂದ. ರಬ್ಬರನ್ನು ಕುಕ್ಕರಿಗೆ ಹಾಕಿದ್ದು ನಾಲ್ಕು ದಿನ ಕಳೆದ ಮೇಲೆ.

ಈಗ ಅಳಿಯನಿಗೆ ನಾನೊಂದು ಪುಸ್ತಕ ಗೆರೆ ಹಾಕಿ ಕೊಟ್ಟಿದ್ದೇನೆ. ಶೆಡ್ಡಿಗೆ ಹೋದ ಹೊತ್ತು, ಗೇಟು ದಾಟಿದ ಹೊತ್ತು, ಊಟಕ್ಕೆ ಕುಳಿತ ಹೊತ್ತು, ಲೆಕ್ಕ ಒಪ್ಪಿಸಿ ಹೊರಬಿದ್ದ ಹೊತ್ತು, ನಾಲ್ಕೇ ಕಾಲಂ. ಮೂರನೆಯ ಕಾಲಂ ಹೆಚ್ಚಿನ ದಿನ ಖಾಲಿಯಿರುತ್ತದೆ. ಬಸ್ಸಿನ ಕಚೇರಿಯಲ್ಲಿ ಕಲಿತ ವಿದ್ಯೆ, ಗೆರೆ ಈಗಲೂ ನೇರವಾಗಿ ಬರುತ್ತದೆ. ಅವನ ಜೊತೆಯ ಆರು ಜನ ತಮಗೂ ಬೇಕೆಂದು ಕೇಳಿ ಒಯ್ದಿದ್ದಾರೆ. ಬೇರೆ ಯಾರಿಗಾದರೂ ಬೇಕಿದ್ದರೆ ಕಾಪುವಿಗೆ ಬರಲಿ, ನೂರು ಪುಟದ ನೋಟುಪುಸ್ತಕ ಮಾತ್ರ ಅವರೇ ತರಲಿ. ರಾತ್ರಿ ಹನ್ನೊಂದರವರೆಗೆ ನಾನು ಎಚ್ಚರವಾಗಿಯೇ ಇರುತ್ತೇನೆ. ಅದಕ್ಕೆ ಮುಂಚೆ ಅವರಿಗೆ ಬರಲಾಗುವುದಿಲ್ಲವೆಂದು ನನಗೆ ಗೊತ್ತಿದೆ.